ನಿಂಟೆಂಡೊ ಸ್ವಿಚ್ ಮೇಲೆ ಕಾಫಿ ಚೆಲ್ಲಿದೆ, ಅಕ್ಕಿ ಡಬ್ಬಿಯಲ್ಲಿಟ್ಟಿದ್ದೇನೆ. ಮುಂದೇನು?

ಮಲೆನಾಡ್_ಗೇಮರ್ · ಶನಿವಾರ ಸಂಜೆ 6:10

2017ರ ಮೊದಲ ಮಾದರಿಯ ನಿಂಟೆಂಡೊ ಸ್ವಿಚ್, ಕೈಯಲ್ಲಿ ಹಿಡಿದೂ ಟಿವಿಗೆ ಜೋಡಿಸಿಯೂ ಆಡುವ ಗೇಮ್ ಕನ್ಸೋಲ್. ಮಧ್ಯಾಹ್ನ 3ರ ಹೊತ್ತಿಗೆ ಅರ್ಧ ಲೋಟ ಫಿಲ್ಟರ್ ಕಾಫಿ ಚೆಲ್ಲಿತು. ಹಾಲು, ಸಕ್ಕರೆ ಎರಡೂ ಹಾಕಿದ ಕಾಫಿ. ಆಗ ಸ್ಲೀಪ್‌ನಲ್ಲಿತ್ತು. ಒರೆಸಿ ಅಕ್ಕಿಯಲ್ಲಿ ಹೂತಿಟ್ಟಿದ್ದೇನೆ. ಪರದೆ ಕಪ್ಪಾಗಿದೆ. ಎಷ್ಟು ದಿನ ಅಕ್ಕಿಯಲ್ಲಿರಬೇಕು? ಒಮ್ಮೆ ಚಾರ್ಜರ್ ಹಾಕಿ ನೋಡಲೇ? ಕನ್ಸೋಲ್ ಹೋದರೂ ಪರವಾಗಿಲ್ಲ, ತಂಗಿಯ ಆಟದ ಸೇವ್‌ಗಳು (ಇಲ್ಲಿಯವರೆಗೆ ಆಡಿದ್ದರ ದಾಖಲೆ) ಉಳಿಯಬೇಕು.

ತಿರುಪುಳಿ · 6:18

ಚಾರ್ಜರ್ ಹಾಕಬೇಡಿ. ಟಿವಿಗೆ ಜೋಡಿಸುವ ಡಾಕ್‌ನಲ್ಲೂ ಕೂರಿಸಬೇಡಿ. ಸ್ವಿಚ್‌ನ ಸ್ವಂತ ಅಡಾಪ್ಟರ್ 15 ವೋಲ್ಟ್‌ವರೆಗೆ ಕೊಡುತ್ತದೆ. ಒದ್ದೆ ಬೋರ್ಡಿಗೆ ಅಷ್ಟು ವೋಲ್ಟೇಜ್ ಹೋದರೆ ಇನ್ನೂ ಚೆನ್ನಾಗಿರುವ ಚಿಪ್‌ಗಳೂ ಉಳಿಯುವುದಿಲ್ಲ.

ಅಕ್ಕಿಯಿಂದ ಈಗಲೇ ಹೊರಗೆ ತೆಗೆಯಿರಿ. ಪವರ್ ಬಟನ್ ಅನ್ನು 12 ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಿರಿ, 15 ಎಣಿಸಿದರೆ ಸಾಕು. ಪರದೆ ಕಪ್ಪಗಿದ್ದ ಮಾತ್ರಕ್ಕೆ ಆಫ್ ಆಗಿದೆ ಎಂದಲ್ಲ. ಹಾಗೆ ಆಫ್ ಮಾಡಿದ ಮೇಲೂ ಬ್ಯಾಟರಿ ಒಳಗೆ ಜೋಡಿಸಿಯೇ ಇರುತ್ತದೆ, ಬೋರ್ಡಿನ ಕೆಲವು ಲೈನ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಹಾಗಾಗಿ ಇವತ್ತೇ ಬಿಚ್ಚಿ ಬ್ಯಾಟರಿ ಕನೆಕ್ಟರ್ ಕಳಚಬೇಕು. ಉಳಿದದ್ದನ್ನು ನಾಳೆ ಮಾಡಿದರೂ ನಡೆಯುತ್ತದೆ.

ಎರಡೂ ಬದಿಯ ಜಾಯ್‌ಕಾನ್ ಕಂಟ್ರೋಲರ್‌ಗಳನ್ನು ಜಾರಿಸಿ ತೆಗೆಯಿರಿ. ಗೇಮ್ ಕಾರ್ಡ್, ಮೈಕ್ರೊಎಸ್‌ಡಿ ಕಾರ್ಡ್ ಕೂಡ ಹೊರಗಿರಲಿ. ವೈ00 ಟ್ರೈ-ವಿಂಗ್ (ಮೂರು ಕಾಲಿನ) ಸ್ಕ್ರೂಡ್ರೈವರ್ ಮತ್ತು ಪಿಎಚ್000 (ಪುಟ್ಟ ಪ್ಲಸ್ ತಲೆಯ) ಬಿಟ್ ಇದೆಯೇ?

ಮಲೆನಾಡ್_ಗೇಮರ್ · 6:25

ಮೊಬೈಲ್ ರಿಪೇರಿ ಕಿಟ್ ಇದೆ, ಅದರಲ್ಲಿ ಮೂರು ಕಾಲಿನ ಬಿಟ್ ಇದೆ. 15 ಸೆಕೆಂಡ್ ಒತ್ತಿ ಹಿಡಿದದ್ದಾಯಿತು. ಆದರೆ ಅಕ್ಕಿ ಯಾಕೆ ಬೇಡ? ಎಲ್ಲರೂ ಅದನ್ನೇ ಹೇಳುತ್ತಾರಲ್ಲ.

ಸರ್ಕ್ಯೂಟ್_ಅಕ್ಕ · 6:41

ಬೋರ್ಡಿನ ಮೇಲಿರುವ ಲೋಹದ ಮುಚ್ಚಳಗಳ ಕೆಳಗೆ ನಿಂತ ದ್ರವವನ್ನು ಹೊರಗಿರುವ ಅಕ್ಕಿ ಎಳೆದುಕೊಳ್ಳಲಾರದು. ಬಯಲಿನಲ್ಲಿಟ್ಟು ಫ್ಯಾನ್ ಹಾಕಿದರೆ ಆಗುವಷ್ಟೂ ಅಕ್ಕಿಯಿಂದ ಆಗುವುದಿಲ್ಲ. ಮೇಲಾಗಿ ಅಕ್ಕಿಯ ಹಿಟ್ಟು ಯುಎಸ್‌ಬಿ-ಸಿ ಪೋರ್ಟಿನೊಳಗೆ ಹೋಗಿ ಕಾಫಿ ಜೊತೆ ಸೇರಿ ಗಂಜಿಯಾಗುತ್ತದೆ. ಫೋನನ್ನು ಅಕ್ಕಿ ಚೀಲದಲ್ಲಿಡಬೇಡಿ ಎಂದು ಆಪಲ್ ಕೂಡ 2024ರಲ್ಲಿ ತನ್ನ ಬೆಂಬಲ ಪುಟದಲ್ಲಿ ಬರೆದಿದೆ.

ಅದಕ್ಕಿಂತ ದೊಡ್ಡ ಮಾತೊಂದಿದೆ. ಒಣಗಿದರೆ ಸರಿಹೋಯಿತು ಎಂಬುದೇ ತಪ್ಪು ಲೆಕ್ಕ. ಬ್ಯಾಟರಿ ಜೋಡಿಸಿರುವಷ್ಟು ಹೊತ್ತೂ ಪಕ್ಕಪಕ್ಕದ ಎರಡು ಪಿನ್‌ಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಅಲ್ಲಿ ಉಪ್ಪಿನಂಶ ಇರುವ ನೀರು ನಿಂತರೆ ಪ್ಲಸ್ ಕಡೆಯ ತಾಮ್ರ ಕರಗಿ ಮೈನಸ್ ಕಡೆಗೆ ಹೋಗಿ ಕೂರುತ್ತದೆ, ಕರೆಂಟ್ ಹಾಯಿಸಿ ಪಾತ್ರೆಗೆ ಲೋಹದ ಲೇಪ ಕೊಡುವಾಗ ಆಗುವಂಥದ್ದೇ ಕ್ರಿಯೆ. ಕೂದಲೆಳೆಯಂತೆ ಬೆಳೆದ ಲೋಹ ಎರಡು ಪಿನ್‌ಗಳನ್ನು ಸೇರಿಸಿ ಶಾರ್ಟ್ ಮಾಡುತ್ತದೆ. ಕರಗಿಹೋದ ಕಡೆ ಪಿನ್ನೇ ಇರುವುದಿಲ್ಲ. ಇದಕ್ಕೆ ಕೆಲವೇ ಗಂಟೆ ಸಾಕು.

ನೀರು ಆರಿದ ಮೇಲೆ ಸಕ್ಕರೆ, ಉಪ್ಪು, ಹಾಲಿನ ಅಂಶ ಬೋರ್ಡಿನ ಮೇಲೇ ಉಳಿಯುತ್ತವೆ. ಮಳೆಗಾಲದ ಗಾಳಿಯಿಂದ ಅವು ಮತ್ತೆ ತೇವ ಹೀರಿಕೊಂಡು ಕ್ರಿಯೆ ಪುನಃ ಶುರುವಾಗುತ್ತದೆ. "ಎರಡು ವಾರ ಚೆನ್ನಾಗಿತ್ತು, ಆಮೇಲೆ ಸತ್ತಿತು" ಎನ್ನುವ ಪ್ರಕರಣಗಳು ಬಹುಪಾಲು ಇಂಥವೇ. ಕಾಫಿ ಬಿದ್ದ ಬೋರ್ಡನ್ನು ತೊಳೆಯಲೇಬೇಕು. ಹೌದು, ನೀರಿನಲ್ಲೇ.

ತಿರುಪುಳಿ · 6:58

ಬಿಚ್ಚುವ ಕ್ರಮ ಹೇಳುತ್ತೇನೆ. ಸ್ಕ್ರೂಗಳು ಬೇರೆ ಬೇರೆ ಉದ್ದದವು, ಹಾಳೆಯ ಮೇಲೆ ಚಿತ್ರ ಬರೆದು ಆಯಾ ಜಾಗದಲ್ಲೇ ಅಂಟುಪಟ್ಟಿ ಹಾಕಿ ಇಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಪ್ಲಾಸ್ಟಿಕ್ ಉಬ್ಬುತ್ತದೆ, ಇಲ್ಲವೇ ಒಳಗಿನ ಕೇಬಲ್ ಚುಚ್ಚುತ್ತದೆ.

ಹಿಂಬದಿಯ ನಾಲ್ಕು ಮೂಲೆಗಳ ಹತ್ತಿರ ನಾಲ್ಕು ಟ್ರೈ-ವಿಂಗ್ ಸ್ಕ್ರೂ. ಜಾಯ್‌ಕಾನ್ ಕೂರುವ ಎರಡೂ ಹಳಿಗಳ ನಡುಭಾಗದಲ್ಲಿ ಒಂದೊಂದು ಪಿಎಚ್000. ಮೇಲಿನ ಅಂಚಿನಲ್ಲಿ ಒಂದು, ಕೆಳ ಅಂಚಿನಲ್ಲಿ ಎರಡು. ಕೊನೆಯದನ್ನೇ ಎಲ್ಲರೂ ಮರೆಯುವುದು: ಕಿಕ್‌ಸ್ಟ್ಯಾಂಡ್ (ಹಿಂಬದಿಯ ಊರುಗೋಲು) ಎತ್ತಿದರೆ ಮೈಕ್ರೊಎಸ್‌ಡಿ ಕಾರ್ಡ್ ಕೂರುವ ಜಾಗದ ಬಳಿ 1.6 ಮಿಮೀಯ ಪುಟಾಣಿ ಸ್ಕ್ರೂ. ಒಟ್ಟು 10. ಹಿಂಬದಿ ಏಳುತ್ತಿಲ್ಲ ಎಂದರೆ ಬಲ ಹಾಕಬೇಡಿ, ಆ ಹತ್ತನೆಯದು ಅಲ್ಲೇ ಇದೆ ಎಂದೇ ಅರ್ಥ.

ಹಳಿ ಸ್ಕ್ರೂಗಳ ತಲೆ ಮೃದು, ಅವಕ್ಕೆ ಅಂಟೂ ಹಾಕಿರುತ್ತಾರೆ. ಡ್ರೈವರನ್ನು ನೆಟ್ಟಗೆ ಹಿಡಿದು, ತಿರುಗಿಸುವ ಬಲಕ್ಕಿಂತ ಕೆಳಗೆ ಒತ್ತುವ ಬಲ ಹೆಚ್ಚಿರಲಿ. ತಲೆ ಸವೆದರೆ ಕೆಲಸ ಎರಡು ಪಟ್ಟು.

ಹಿಂಬದಿ ತೆಗೆದ ಮೇಲೆ ಮೈಕ್ರೊಎಸ್‌ಡಿ ರೀಡರಿನ ಒಂದು ಸ್ಕ್ರೂ ಬಿಚ್ಚಿ, ರೀಡರನ್ನು ನೇರ ಮೇಲಕ್ಕೆ ಎತ್ತಿ. ಆಮೇಲೆ ದೊಡ್ಡ ಲೋಹದ ತಗಡು, ಅದಕ್ಕೆ ಆರು ಸ್ಕ್ರೂ. ತಗಡಿನ ಕೆಳಗೆ ಶಾಖ ಸಾಗಿಸುವ ಮಂದವಾದ ಥರ್ಮಲ್ ಪೇಸ್ಟ್ ಇರುತ್ತದೆ, ಮೆಲ್ಲಗೆ ಎತ್ತಿದರೆ ಜಿಗುಟಾಗಿ ಬಿಡುತ್ತದೆ. ಈಗ ಬ್ಯಾಟರಿ ಕನೆಕ್ಟರ್ ಕಾಣುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಮೀಟಿ ನೇರ ಮೇಲಕ್ಕೆ ಎಬ್ಬಿಸಿ. ವೈರ್ ಹಿಡಿದು ಎಳೆಯಬೇಡಿ, ಲೋಹದ ಚಿಮುಟ ಬೇಡವೇ ಬೇಡ.

ಕಳಚಿದ ಕೂಡಲೇ ತಿಳಿಸಿ.

ಮಲೆನಾಡ್_ಗೇಮರ್ · 8:05

ಕಳಚಿದೆ. ಹತ್ತನೇ ಸ್ಕ್ರೂ ಕಿಕ್‌ಸ್ಟ್ಯಾಂಡ್ ಕೆಳಗೇ ಇತ್ತು. ಫ್ಯಾನಿನ ಪಕ್ಕ, ಯುಎಸ್‌ಬಿ ಪೋರ್ಟಿನ ಸುತ್ತ ಕಂದು ಬಣ್ಣದ ಜಿಗುಟು. ಪೋರ್ಟಿನ ಹತ್ತಿರದ ಒಂದು ಚಿಪ್ಪಿನ ಮೂಲೆಯಲ್ಲಿ ಸ್ವಲ್ಪ ಹಸಿರು.

ಸರ್ಕ್ಯೂಟ್_ಅಕ್ಕ · 8:17

ಒಳ್ಳೆಯದಾಯಿತು. ಇನ್ನು ಹೊಸ ಹಾನಿಯ ವೇಗ ತುಂಬ ಕಡಿಮೆ. ಹಸಿರು ಎಂದರೆ ತಾಮ್ರದ ಲವಣ. ಬ್ಲೇಡಿನಿಂದ ಕೆರೆಯಬೇಡಿ, ಕೆಳಗಿನ ಪ್ಯಾಡ್ ಸಮೇತ ಎದ್ದು ಬರುತ್ತದೆ.

ಬ್ಯಾಟರಿ ನೋಡಿಕೊಳ್ಳಿ. 3.7 ವೋಲ್ಟ್, 4310 ಎಂಎಎಚ್‌ನ ಲಿಥಿಯಂ ಪೌಚ್ ಅದು. ಉಬ್ಬಿದ್ದರೆ, ಹಣ್ಣಿನಂಥ ಸಿಹಿ ವಾಸನೆ ಬಂದರೆ, ಅಂಚಿನ ಸಣ್ಣ ಬೋರ್ಡಿನ ಮೇಲೆ ಹಸಿರು ಕಂಡರೆ ಅದನ್ನು ಮತ್ತೆ ಬಳಸಬೇಡಿ. ಅಂಟಿನಿಂದ ಬಿಡಿಸುವಾಗ ಹಳೇ ಎಟಿಎಂ ಕಾರ್ಡಿನಂಥದ್ದನ್ನು ನಿಧಾನ ತೂರಿಸಿ, ಮಡಚಬೇಡಿ, ಚುಚ್ಚಬೇಡಿ. ಮಲ್ಟಿಮೀಟರಿನಲ್ಲಿ 3.5ರಿಂದ 4.2 ವೋಲ್ಟ್ ಒಳಗಿದ್ದರೆ ವೋಲ್ಟೇಜ್ ಮಟ್ಟಿಗೆ ಸರಿಯಿದೆ. 2.5ಕ್ಕಿಂತ ಕೆಳಗಿಳಿದಿದ್ದರೆ ಹೊಸದನ್ನೇ ಹಾಕಿ.

ಮಲೆನಾಡ್_ಗೇಮರ್ · 8:30

3.91 ಇದೆ. ಉಬ್ಬಿಲ್ಲ. ಮನೆಯಲ್ಲಿ ಸ್ಯಾನಿಟೈಸರ್ ಇದೆ, ಅದರಲ್ಲೇ ಬೋರ್ಡ್ ಒರೆಸಬಹುದೇ?

ಸರ್ಕ್ಯೂಟ್_ಅಕ್ಕ · 8:52

ಬೇಡ. ಸ್ಯಾನಿಟೈಸರಿನಲ್ಲಿ ಸುಮಾರು ಶೇಕಡಾ 70ರಷ್ಟೇ ಆಲ್ಕೊಹಾಲ್, ಉಳಿದದ್ದು ನೀರು, ಗ್ಲಿಸರಿನ್, ವಾಸನೆ ದ್ರವ್ಯ. ಗ್ಲಿಸರಿನ್ ಆರುವುದೇ ಇಲ್ಲ.

ಬೇಕಾದದ್ದು ಎರಡು. ಡಿಸ್ಟಿಲ್ಡ್ ವಾಟರ್ 2 ಲೀಟರ್. ಪೆಟ್ರೋಲ್ ಬಂಕಿನಲ್ಲಿ, ವಾಹನದ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಬ್ಯಾಟರಿ ಆಸಿಡ್ ಕೂಡ ಅಂಥದೇ ಕ್ಯಾನಿನಲ್ಲಿ ಬರುತ್ತದೆ, ಲೇಬಲ್ ಓದಿ ತನ್ನಿ. ಇನ್ನೊಂದು 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್ ಅರ್ಧ ಲೀಟರ್. ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆ, ಬೇರೆ ಊರುಗಳಲ್ಲಿ ಮೊಬೈಲ್ ಬಿಡಿಭಾಗ ಮಾರುವವರ ಹತ್ತಿರ "ಐಪಿಎ" ಎಂದು ಕೇಳಿ.

ತೊಳೆಯುವ ಕ್ರಮದಲ್ಲೇ ಹೆಚ್ಚಿನವರು ಎಡವುವುದು. ಸಕ್ಕರೆಯೂ ಉಪ್ಪೂ ಐಪಿಎಯಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಹಾಲಿನ ಪ್ರೋಟೀನಿಗೆ ಗಟ್ಟಿ ಆಲ್ಕೊಹಾಲ್ ತಗುಲಿದರೆ ಹಾಲು ಒಡೆದ ಹಾಗೆ ಗಟ್ಟಿಯಾಗಿ ಚಿಪ್ಪಿನ ಕಾಲುಗಳ ಮಧ್ಯೆ ಕಚ್ಚಿಕೊಳ್ಳುತ್ತದೆ. ಹಾಲು ಹಾಕಿದ ಕಾಫಿ, ಟೀ ಬಿದ್ದ ಬೋರ್ಡಿಗೆ ಮೊದಲು ನೀರು, ಕೊನೆಗೆ ಐಪಿಎ. ಐಪಿಎ ಕೆಲಸ ಉಳಿದ ನೀರನ್ನು ತಳ್ಳಿಕೊಂಡು ಹೋಗಿ ತಾನೂ ಬೇಗ ಆರುವುದು.

ತಿರುಪುಳಿ · 9:10

ಬೋರ್ಡ್ ಪೂರ್ತಿ ಹೊರತೆಗೆದೇ ತೊಳೆಯಿರಿ. ಶಾಖ ಒಯ್ಯುವ ಹೀಟ್‌ಪೈಪಿಗೆ ಮೂರು ಸ್ಕ್ರೂ, ಆಮೇಲೆ ಫ್ಯಾನ್ ಕನೆಕ್ಟರ್, ಎರಡೂ ಹಳಿಗಳ ಕೇಬಲ್, ಪರದೆಯ ಕೇಬಲ್, ಟಚ್‌ನ ಕೇಬಲ್, ಗೇಮ್ ಕಾರ್ಡ್ ಮತ್ತು ಹೆಡ್‌ಫೋನ್ ಜ್ಯಾಕ್ ಇರುವ ಚಿಕ್ಕ ಬೋರ್ಡ್. ಚಪ್ಪಟೆ ಕೇಬಲ್‌ಗಳ ಕನೆಕ್ಟರಿನಲ್ಲಿ ಉಗುರಿನಿಂದ ಎತ್ತುವ ಸಣ್ಣ ರೆಪ್ಪೆ ಇರುತ್ತದೆ. ರೆಪ್ಪೆ ಎತ್ತದೆ ಎಳೆದರೆ ಕನೆಕ್ಟರೇ ಮುರಿಯುತ್ತದೆ.

ಸೇವ್ ವಿಷಯ ಕೇಳಿದ್ದಿರಿ. ಸ್ವಿಚ್‌ನಲ್ಲಿ ಸೇವ್ ಡೇಟಾ ಮೈಕ್ರೊಎಸ್‌ಡಿಯಲ್ಲಿ ಇರುವುದಿಲ್ಲ, ಒಳಗಿನ 32 ಜಿಬಿ ಇಎಂಎಂಸಿ ಎಂಬ ಮೆಮೊರಿಯಲ್ಲೇ ಇರುತ್ತದೆ. ನಿಮ್ಮ ಮಾದರಿಯಲ್ಲಿ ಅದು ಕಳಚಬಹುದಾದ ಪುಟ್ಟ ಬೋರ್ಡ್. ಬೇರೆ ಸ್ವಿಚ್‌ಗೆ ಹಾಕಿ ಓದೋಣ ಎಂದರೆ ಆಗದು, ನಿಮ್ಮ ಬೋರ್ಡಿನ ಪ್ರೊಸೆಸರಿನಲ್ಲಿರುವ ಕೀಲಿಯಿಂದಲೇ ಅದು ಎನ್‌ಕ್ರಿಪ್ಟ್ ಆಗಿದೆ. ಅಂದರೆ ಸೇವ್ ಬೇಕೆಂದರೆ ಇದೇ ಮದರ್‌ಬೋರ್ಡ್ ಬದುಕಬೇಕು. ಪರದೆ, ಬ್ಯಾಟರಿ, ಫ್ಯಾನ್ ಎಲ್ಲಕ್ಕೂ ಬದಲಿ ಸಿಗುತ್ತದೆ. ಶ್ರಮವೆಲ್ಲ ಬೋರ್ಡಿನ ಮೇಲಿರಲಿ.

ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳ ಸಿಕ್ಕಿಸಿದ್ದು, ಅಂಚು ಮೀಟಿದರೆ ಏಳುತ್ತದೆ. ಅದನ್ನು ತೆಗೆಯದೆ ತೊಳೆದರೆ ತೊಳೆದ ನೀರೇ ಒಳಗೆ ನಿಲ್ಲುತ್ತದೆ.

ಸರ್ಕ್ಯೂಟ್_ಅಕ್ಕ · 9:34

ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೋರ್ಡ್ ಮುಳುಗುವಷ್ಟು ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್ ಹಾಕಿ. ಮೊದಲ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಹತ್ತು ನಿಮಿಷ ನೆನೆದ ಮೇಲೆ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಒಂದೇ ದಿಕ್ಕಿನಲ್ಲಿ ಸವರಿ. ತಿಕ್ಕಬೇಡಿ, ಉಪ್ಪಿನ ಕಾಳಿಗಿಂತ ಸಣ್ಣ ಕೆಪಾಸಿಟರ್‌ಗಳಿವೆ. ಆ ನೀರು ಚೆಲ್ಲಿ ಸೋಪಿಲ್ಲದ ಹೊಸ ನೀರಿನಲ್ಲಿ ಇನ್ನೂ ಮೂರು ಸಲ.

ಆರ್‌ಒ ಫಿಲ್ಟರ್ ಇರುವ ಮನೆಗಳಲ್ಲಿ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸಿಗುತ್ತದೆ. ಡಿಸ್ಟಿಲ್ಡ್ ವಾಟರ್ 0ರಿಂದ 5 ತೋರಿಸಬೇಕು. ತೊಳೆದ ನೀರು 40 ತೋರಿಸಿದರೆ ಬೋರ್ಡಿನಿಂದ ಲವಣ ಇನ್ನೂ ಬಿಡುತ್ತಿದೆ ಎಂದರ್ಥ. 10ರ ಒಳಗೆ ಬರುವವರೆಗೂ ನೀರು ಬದಲಿಸಿ. ಸಕ್ಕರೆಯನ್ನು ಆ ಮೀಟರ್ ಹಿಡಿಯದು, ಅದನ್ನು ಬೆರಳೇ ಹೇಳಬೇಕು: ಆರಿದ ಅಂಚು ಮುಟ್ಟಿದರೆ ಅಂಟಬಾರದು. ಬೋರ್‌ವೆಲ್ ನೀರಿನಲ್ಲಿ ತೊಳೆಯಬೇಡಿ, ಅದರ ಗಡಸುತನವೇ ಬಿಳಿ ಪದರವಾಗಿ ಕೂರುತ್ತದೆ.

ಕೊನೆಗೆ ಐಪಿಎಯಲ್ಲಿ ಐದು ನಿಮಿಷ ಅದ್ದಿ, ಅಲುಗಿಸಿ, ಆ ದ್ರವ ಚೆಲ್ಲಿ, ಹೊಸ ಐಪಿಎಯಲ್ಲಿ ಇನ್ನೊಮ್ಮೆ. ಕಿಟಕಿ ತೆರೆದಿರಲಿ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಇರುವ ಕೋಣೆಯಲ್ಲಿ ಮಾಡಲೇಬೇಡಿ. ನಮ್ಮ ಕೋಣೆಯ ಉಷ್ಣತೆಯಲ್ಲೇ ಅದರ ಆವಿಗೆ ಬೆಂಕಿ ಹತ್ತುತ್ತದೆ.

ಪರದೆ, ಸ್ಪೀಕರ್, ಫ್ಯಾನ್, ಬ್ಯಾಟರಿ ಯಾವುದನ್ನೂ ಅದ್ದಬೇಡಿ. ಪರದೆಯ ಪದರಗಳ ನಡುವೆ ದ್ರವ ನುಗ್ಗಿದರೆ ಬ್ಯಾಕ್‌ಲೈಟ್ (ಪರದೆಯ ಹಿಂದಿನ ಬೆಳಕು) ಮೇಲೆ ಮೋಡದಂಥ ಕಲೆ ಶಾಶ್ವತ. ಅವನ್ನು ಹತ್ತಿಯ ಕಡ್ಡಿಯಿಂದ ಒರೆಸಿದರೆ ಸಾಕು.

ಹೇರ್ ಡ್ರೈಯರ್ ಬೇಡ, ಗಾಳಿ ದ್ರವವನ್ನು ಚಿಪ್‌ಗಳ ಅಡಿಗೇ ನೂಕುತ್ತದೆ. ಬೋರ್ಡನ್ನು ಓರೆಯಾಗಿ ನಿಲ್ಲಿಸಿ ಟೇಬಲ್ ಫ್ಯಾನ್ ಮುಂದೆ 24 ಗಂಟೆ.

ಕಡಲ_ಕರೆ · 9:50

ಪಣಂಬೂರು, ಮಲ್ಪೆ ಕಡೆ ಬೀಚಿನಲ್ಲಿ ಬಿದ್ದ ಕನ್ಸೋಲ್‌ಗಳಿಗೂ ಇದೇ ಕ್ರಮವಾ? ಸಮುದ್ರದ ನೀರಾದರೆ ಬದಲಾವಣೆ ಉಂಟಾ?

ಸರ್ಕ್ಯೂಟ್_ಅಕ್ಕ · 10:02

ಸೋಪು ಬೇಡ, ಅವಸರ ಹೆಚ್ಚು ಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಬ್ಯಾಟರಿ ಜೋಡಿಸಿದ್ದರೆ ನಿಮಿಷಗಳಲ್ಲೇ ಗುಳ್ಳೆ ಏಳುತ್ತದೆ. ತಕ್ಷಣ ತೊಳೆಯಲು ಆಗದಿದ್ದರೂ ಬೋರ್ಡ್ ಒಣಗಲು ಬಿಡಬೇಡಿ. ಹರಳುಗಟ್ಟಿದ ಉಪ್ಪು ಚಿಪ್ಪಿನ ಅಡಿಯಿಂದ ಬಿಡಿಸುವುದು ಬಹಳ ಕಷ್ಟ. ಬ್ಯಾಟರಿ ಕಳಚಿದ ಬೋರ್ಡನ್ನು ಡಿಸ್ಟಿಲ್ಡ್ ವಾಟರಿನಲ್ಲೇ ಮುಳುಗಿಸಿಟ್ಟು ರಿಪೇರಿಯವರಿಗೆ ಒಯ್ಯಿರಿ. ಎಳನೀರೂ ಇದೇ ಗುಂಪು, ಪೊಟ್ಯಾಸಿಯಂ ತುಂಬಿದೆ.

ಹಳೇ_ಪಿಎಸ್‌ಪಿ · 10:20

ಪಿಎಸ್‌ಪಿ ನೀರಿಗೆ ಬಿದ್ದರೆ?

ತಿರುಪುಳಿ · 10:24

ಹಿಂದಿನ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೇ ಬರುತ್ತದೆ, ಅರ್ಧ ಗೆಲುವು ಅಲ್ಲೇ. ಎಎ ಸೆಲ್ ಹಾಕುವ ಗೇಮ್‌ಬಾಯ್‌ಗಳೂ ಹಾಗೇ. ತೊಳೆಯುವ ಕ್ರಮ ಒಂದೇ.

ಬೆಸುಗೆ_ಬಸು · ಭಾನುವಾರ ಬೆಳಿಗ್ಗೆ 7:45

ಹಸಿರು ಕಂಡೈತಿ ಅಂದ್ರಲ್ಲ, ಅದರ ಬಗ್ಗೆ ಹೇಳ್ತೀನಿ ಕೇಳ್ರಿ. ಯುಎಸ್‌ಬಿ ಪೋರ್ಟ್ ಹತ್ತಿರ ಎಂ92ಟಿ36 ಅಂತ ಒಂದು ಚಿಪ್ ಐತಿ. ಅಡಾಪ್ಟರ್ ಜೋಡಿ ಮಾತಾಡಿ "15 ವೋಲ್ಟ್ ಕೊಡು" ಅಂತ ಕೇಳೋದು ಅದೇ. ಸ್ವಿಚ್ ಒಳಗ ನೀರು ಹೋದ್ರ ಮೊದಲ ಏಟು ಬೀಳೋದು ಬಹಳ ಸಲ ಅದಕ್ಕ. ಇನ್ನೊಂದು ಬಿಕ್ಯೂ24193, ಬ್ಯಾಟರಿ ಚಾರ್ಜ್ ಮಾಡೋ ಚಿಪ್.

ಬೋರ್ಡ್ ಪೂರ್ತಿ ಒಣಗಿದ ಮ್ಯಾಲೆ ಬ್ಯಾಟರಿ ಹಚ್ಚೋಕಿಂತ ಮೊದಲ ಮಲ್ಟಿಮೀಟರ್ ತಗೊಂಡು ಬ್ಯಾಟರಿ ಕನೆಕ್ಟರಿನ ಪ್ಲಸ್ ಪಿನ್ನಿಗೂ ಗ್ರೌಂಡಿಗೂ (ಮೈನಸ್ ಕಡಿಗೂ) ನಡುವ ರೆಸಿಸ್ಟನ್ಸ್ ನೋಡ್ರಿ. ಸೊನ್ನೆ ಹತ್ತಿರ ಬಂದ್ರ ಶಾರ್ಟ್ ಐತಿ, ಬ್ಯಾಟರಿ ಹಚ್ಚಬ್ಯಾಡ್ರಿ. ಆ ಎರಡೂ ಚಿಪ್ಪಿನ ಸುತ್ತಲಿನ ಕೆಪಾಸಿಟರ್‌ಗಳನ್ನೂ ಒಂದೊಂದಾಗಿ ನೋಡ್ರಿ. ಎರಡೂ ತುದಿ ಗ್ರೌಂಡಿಗೆ ಬೀಪ್ ಅಂದ್ರ ಆ ಲೈನಿನಾಗ ಶಾರ್ಟ್.

ಶಾರ್ಟ್ ಎಲ್ಲೈತಿ ಅಂತ ಹುಡುಕೋದು ಹಿಂಗ: ಬೆಂಚ್ ಪವರ್ ಸಪ್ಲೈನಾಗ 1 ವೋಲ್ಟ್ ಇಟ್ಟು, ಕರೆಂಟ್ ಮಿತಿ 1 ಆಂಪಿಯರ್ ಹಾಕಿ ಆ ಲೈನಿಗೆ ಕೊಡ್ರಿ. ಬೋರ್ಡ್ ಮ್ಯಾಲೆ ತೆಳ್ಳಗ ಐಪಿಎ ಸವರ್ರಿ. ಶಾರ್ಟ್ ಆದ ಭಾಗ ಬಿಸಿಯಾಗಿ ಅಲ್ಲಿ ಮಾತ್ರ ಐಪಿಎ ಮೊದಲ ಆರತೈತಿ, ಒದ್ದೆ ನೆಲದಾಗ ಒಣಗಿದ ಚುಕ್ಕಿ ಕಂಡಂಗ ಕಾಣ್ತೈತಿ.

ಚಿಪ್ ಬದಲಿ ಮನಿಯಾಗ ಮಾಡೋ ಕೆಲಸ ಅಲ್ರಿ. 350ರಿಂದ 380 ಡಿಗ್ರಿ ಬಿಸಿಗಾಳಿ ಬೇಕು, ಬಾಜೂಕಿನ ಪ್ಲಾಸ್ಟಿಕ್ ಕನೆಕ್ಟರಿಗೆ ಬಿಸಿ ತಡಿಯೋ ಕ್ಯಾಪ್ಟಾನ್ ಟೇಪ್ ಹಚ್ಚಬೇಕು, ಇಲ್ಲಂದ್ರ ಕರಗತಾವ. ಹಸಿರು ಬರೇ ಮೂಲ್ಯಾಗ ಇದ್ರ ಫ್ಲಕ್ಸ್ (ಬೆಸುಗೆ ಚಲೋ ಹತ್ತಾಕ ಹಚ್ಚೋದು) ಹಾಕಿ ಸಣ್ಣ ಐರನ್ ತುದಿಯಿಂದ ಆ ಕಾಲಿಗೆ ಹೊಸ ಬೆಸುಗೆ ತಾಗಿಸಿದ್ರ ಸಾಕಾಗಬಹುದು. ಆಮೇಲೆ ಫ್ಲಕ್ಸ್ ಐಪಿಎ ಹಚ್ಚಿ ತೊಳಿರಿ.

ಮಲೆನಾಡ್_ಗೇಮರ್ · ಸೋಮವಾರ ರಾತ್ರಿ 9:15

ನಿನ್ನೆ ನಾಲ್ಕು ಸಲ ನೀರು, ಎರಡು ಸಲ ಐಪಿಎ. ಕೊನೆಯ ನೀರಿನ ಟಿಡಿಎಸ್ 6. ಹಸಿರು ಬ್ರಷ್‌ಗೇ ಬಿಟ್ಟಿತು, ಕೆಳಗೆ ಕಾಲು ಸ್ವಲ್ಪ ಕಪ್ಪಗಿದೆ. 24 ಗಂಟೆ ಒಣಗಿಸಿದ್ದೇನೆ. ಬ್ಯಾಟರಿ ಪಿನ್ ಶಾರ್ಟ್ ಇಲ್ಲ. ಈಗ?

ತಿರುಪುಳಿ · 9:28

ಹಳೇ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ ಹೊಸದು ಹಾಕಿ. ಪ್ರೊಸೆಸರಿನ ಮೇಲೆ ಅಕ್ಕಿಕಾಳಿನಷ್ಟು, ಮುಚ್ಚಳ ಹಾಕಿದ ಮೇಲೆ ಅದರ ಮೇಲೂ ಅಷ್ಟೇ. ಹೀಟ್‌ಪೈಪಿಗೂ ದೊಡ್ಡ ತಗಡಿಗೂ ನಡುವೆ ಅಂತರ ಹೆಚ್ಚು, ಅಲ್ಲಿಗೆ ಮಂದವಾದ ಪೇಸ್ಟ್ ಬೇಕು, ತೆಳ್ಳಗಿನದು ತಾಗುವುದೇ ಇಲ್ಲ.

ಹಿಂಬದಿ ಮುಚ್ಚುವ ಮೊದಲೇ ಪರೀಕ್ಷಿಸಿ. ಬ್ಯಾಟರಿ ಜೋಡಿಸಿ, ವೋಲ್ಟೇಜ್, ಕರೆಂಟ್ ತೋರಿಸುವ ಯುಎಸ್‌ಬಿ-ಸಿ ಮೀಟರ್ ನಡುವೆ ಹಾಕಿ ಸ್ವಿಚ್‌ನ ಸ್ವಂತ ಅಡಾಪ್ಟರ್ ಹಚ್ಚಿ. ಫೋನಿನ ಚಾರ್ಜರ್ 15 ವೋಲ್ಟ್ ಕೊಡದೇ ಇರಬಹುದು, ಅದರ ರೀಡಿಂಗ್ ನಂಬಬೇಡಿ. 15 ವೋಲ್ಟಿಗೆ ಏರಿದರೆ ಎಂ92ಟಿ36 ಬದುಕಿದೆ. 5ರಲ್ಲೇ ನಿಂತರೆ ಬಸು ಅವರು ಹೇಳಿದ ಚಿಪ್ ಅಥವಾ ಪೋರ್ಟಿನ ಮೇಲೆ ಅನುಮಾನ. ಕರೆಂಟ್ ಸೊನ್ನೆಯೇ ಇದ್ದರೆ ಮೊದಲು ಪೋರ್ಟಿನ 24 ಪಿನ್‌ಗಳನ್ನು ಭೂತಗನ್ನಡಿಯಲ್ಲಿ ನೋಡಿ.

ಮಲೆನಾಡ್_ಗೇಮರ್ · 10:50

15 ಬಂತು! ಶಬ್ದವೂ ಬರುತ್ತಿದೆ, ಟಚ್ ಮಾಡಿದರೆ ಕ್ಲಿಕ್ ಕೇಳುತ್ತದೆ. ಆದರೆ ಪರದೆ ಕಪ್ಪು. ಟಾರ್ಚ್ ಓರೆಯಾಗಿ ಬಿಟ್ಟರೆ ಮಸುಕಾಗಿ ಚಿತ್ರ ಕಾಣಿಸುತ್ತದೆ.

ಸರ್ಕ್ಯೂಟ್_ಅಕ್ಕ · 10:58

ಹಾಗಾದರೆ ಚಿತ್ರ ಬರುತ್ತಿದೆ, ಬ್ಯಾಕ್‌ಲೈಟ್ ಮಾತ್ರ ಇಲ್ಲ. ಪರದೆಯ ಕೇಬಲಿನಲ್ಲಿ ಬ್ಯಾಕ್‌ಲೈಟ್ ಪಿನ್‌ಗಳಿಗೆ ಉಳಿದವಕ್ಕಿಂತ ಹೆಚ್ಚು ವೋಲ್ಟೇಜ್, ಹಾಗಾಗಿ ಮೊದಲು ಸವೆಯುವುದೂ ಅವೇ. ಕೇಬಲಿನ ತುದಿಯನ್ನು ಲೆನ್ಸಿನಲ್ಲಿ ನೋಡಿ. ಒಂದೆರಡು ಪಿನ್ನಿನ ಚಿನ್ನದ ಬಣ್ಣ ಹೋಗಿ ಕಪ್ಪಾಗಿದ್ದರೆ ಪರದೆ ಬದಲಿಸಬೇಕು. ಕೇಬಲ್ ಚೆನ್ನಾಗಿದ್ದು ಬೋರ್ಡಿನ ಕನೆಕ್ಟರ್ ಕಪ್ಪಾಗಿದ್ದರೆ ಕನೆಕ್ಟರ್ ಬದಲಿಸಬೇಕು, ಅದು ಬೆಸುಗೆಯವರ ಕೆಲಸ.

ತಿರುಪುಳಿ · 11:06

ಅದಕ್ಕೆ ಮುಂಚೆ ಸೇವ್ ಹೊರಗೆ ತನ್ನಿ. ಶಾರ್ಟ್ ಇಲ್ಲ, 15 ವೋಲ್ಟ್ ಬಂದಿದೆ, ಒಣಗಿದೆ. ಈಗ ಡಾಕ್‌ನಲ್ಲಿ ಕೂರಿಸಿ ಟಿವಿಯಲ್ಲಿ ನೋಡಬಹುದು. ತಗಡು, ಹೀಟ್‌ಪೈಪ್, ಫ್ಯಾನ್, ಹಿಂಬದಿ ಎಲ್ಲ ಹಾಕಿದ ಮೇಲೆಯೇ ಡಾಕ್. ಸೆಟ್ಟಿಂಗ್ಸ್‌ನ ಡೇಟಾ ಮ್ಯಾನೇಜ್‌ಮೆಂಟ್‌ನಲ್ಲಿ ಸೇವ್ ಡೇಟಾ ವರ್ಗಾಯಿಸುವ ಆಯ್ಕೆಯಿದೆ, ಸ್ನೇಹಿತರ ಸ್ವಿಚ್ ಪಕ್ಕದಲ್ಲಿಟ್ಟುಕೊಂಡರೆ ದುಡ್ಡಿಲ್ಲದೆ ಆಗುತ್ತದೆ. ಆ ಸ್ವಿಚ್‌ನಲ್ಲೂ ತಂಗಿಯ ನಿಂಟೆಂಡೊ ಖಾತೆ ಸೇರಿಸಿರಬೇಕು. ವರ್ಗಾವಣೆಯಾದ ಸೇವ್ ಹಳೆಯದರಲ್ಲಿ ಉಳಿಯುವುದಿಲ್ಲ, ನಡುವೆ ಪವರ್ ತೆಗೆಯಬೇಡಿ. ಕ್ಲೌಡ್ ಸದಸ್ಯತ್ವ ಇದ್ದರೆ ಅಲ್ಲಿಗೂ ಕಳಿಸಬಹುದು, ಆದರೆ ಎಲ್ಲ ಆಟಗಳಿಗೂ ಆ ಸೌಲಭ್ಯ ಇಲ್ಲ.

ಬೆಸುಗೆ_ಬಸು · 11:20

ಜಾಯ್‌ಕಾನ್ ಮರೀಬ್ಯಾಡ್ರಿ. ಒಂದೊಂದರಾಗೂ 525 ಎಂಎಎಚ್ ಬ್ಯಾಟರಿ ಐತಿ, ಕಾಫಿ ಒಳಗ ಹೋಗಿದ್ರ ಅಲ್ಲೂ ಅದೇ ಕತಿ. ಹಿಂದ ನಾಲ್ಕು ಟ್ರೈ-ವಿಂಗ್ ಸ್ಕ್ರೂ ಬಿಚ್ಚಿ, ಮೊದಲ ಬ್ಯಾಟರಿ ಕಳಚ್ರಿ. ಸ್ಟಿಕ್ಕಿನ ಒಳಗಿನ ಕಾರ್ಬನ್ ಪಟ್ಟಿಗೆ ಸಕ್ಕರಿ ಹೋಗಿದ್ರ ತೊಳೆದ್ರೂ, ಮುಟ್ಟದಿದ್ರೂ ಆಟದಾಗ ಪಾತ್ರ ತಾನಾಗೇ ಸರಿಯೋದು ನಿಲ್ಲಂಗಿಲ್ಲ, ಸ್ಟಿಕ್ ಹೊಸಾದು ಹಾಕೋದ ಚಲೋ. ಕಪ್ಪಾದ ಆ ಎಂ92ಟಿ36 ಕಾಲಿನ ಒಂದು ಫೋಟೋ ಹಾಕ್ರಿ, ಬೆಸುಗೆ ತಾಗಿಸಬೇಕೋ ಬಿಡಬೇಕೋ ನೋಡಿ ಹೇಳ್ತೀನಿ.